ಉತ್ತರ

ಫೆಬ್ರವರಿ. ಹೊರಗೆ ಮೈನಸ್ ಮೂವತ್ತೊಂದು.
ಲೂನ್ ನ್ಯಾರೋಸಿನ ಶಾಲೆಯಲ್ಲಿ
ಬ್ಯಾಸ್ಕೆಟ್‌ಬಾಲ್ ಬಳೆಯ ಕೆಳಗೆ ನಮಗೆಂದು ಮೇಜು.
ಒಟ್ಟಾವದಿಂದ ಇಬ್ಬರು, ವಿನ್ನಿಪೆಗ್‌ನಿಂದ ನಾನು,
ನಡುವೆ ಒಂದೇ ಮೈಕು.
"ನೀವು ಮೊದಲು", "ಛೆ, ನೀವು" ಎನ್ನುತ್ತ
ತಾಂಬೂಲದ ತಟ್ಟೆಯಂತೆ ಅದನ್ನು
ಅತ್ತಿತ್ತ ದೂಡಿಕೊಂಡೆವು.

ನಾನು ತಂದ ಚಿತ್ರದಲ್ಲಿ ಎರಡು ಕೈ, ಒಂದು ಕುಲುಕು.
ಒಪ್ಪಂದದ ಹೆಸರು ಉದ್ದ; ಓದಿ ಮುಗಿಸುವಷ್ಟರಲ್ಲಿ
ಹಿಂದಿನ ಸಾಲಿನ ಮಗು ನಿದ್ದೆ ಹೋಯಿತು.
ಸಹಕಾರ. ಪಾರದರ್ಶಕತೆ. ಪ್ರಜೆಗಳಿಗೆ ಉತ್ತರದಾಯಿತ್ವ.
ಒಂದೊಂದು ಮಾತಿನ ಮುಂದೂ
ದುಂಡನೆಯ ನೀಲಿ ಚುಕ್ಕೆ.

ಆಗ ಎದ್ದಳು ಯೂನಿಸ್ ಬಿಯರ್ಡಿ.
ಎಪ್ಪತ್ತರ ಹತ್ತಿರ. ಮೂಸ್ ಚರ್ಮದ ಬೂಟು,
ಕಂಕುಳಲ್ಲಿ ಅಗಲವಾದ ಲೆಕ್ಕದ ಪುಸ್ತಕ.
ಇಪ್ಪತ್ತಾರು ವರ್ಷದಿಂದ ಊರ ಬಿಂಗೋಗೆ ಅವಳೇ ಖಜಾಂಚಿ.
ಆಟ ಮುಗಿದ ಮೇಲೆ ಬಾಗಿಲಿಗೆ ಚಿಲಕ ಹಾಕಿ
ಬಂದದ್ದೆಷ್ಟು, ಹೋದದ್ದೆಷ್ಟು,
ಕಾಲು ಡಾಲರಿನವರೆಗೆ ಓದಿ ಹೇಳದೆ
ಯಾರನ್ನೂ ಮನೆಗೆ ಬಿಟ್ಟವಳಲ್ಲ.
(ಇದು ನರ್ಸಮ್ಮ ನನ್ನ ಕಿವಿಯಲ್ಲಿ ಉಸುರಿದ್ದು.)

ಕೇಳಿದ್ದು ಇಷ್ಟೇ:
ಮೊಮ್ಮಗಳು ಕಾರ್ಲೀನಳ ಗಾಲಿಕುರ್ಚಿಗೆ
ಮನೆಬಾಗಿಲಿಂದ ಶಾಲೆಬಸ್ಸು ನಿಲ್ಲುವಲ್ಲಿಗೆ
ಹಲಗೆಯ ಇಳಿಜಾರು. ಇಪ್ಪತ್ತೆರಡು ಅಡಿ.
ಮನೆ ನಿಂತ ನೆಲ, ಕಾಗದದಲ್ಲಿ, ಒಟ್ಟಾವದ್ದು;
ರಸ್ತೆ ವಿನ್ನಿಪೆಗ್‌ನದು;
ನೆಲದಡಿಯ ಅಜ್ಜಂದಿರು ಮಾತ್ರ ಅವಳವರು.
ಹಲಗೆ ಯಾರದು? ಮೊಳೆ ಯಾರದು?
ತೀರ್ಮಾನಿಸಲು ಒಂದು ಸಮಿತಿ, ಸಮಿತಿಗೊಂದು ಉಪಸಮಿತಿ,
ಅದರ ಸದಸ್ಯ ನಾನು.

"ಓದುತ್ತೇನೆ" ಎಂದಳು. ಕನ್ನಡಕ ಏರಿಸಿದಳು.

"ಮಾರ್ಚ್ ಒಂಬತ್ತು. ಒಟ್ಟಾವಕ್ಕೆ ಫೋನು.
ನಲವತ್ತೇಳು ನಿಮಿಷ ಪಿಟೀಲು ಕೇಳಿಸಿದರು.
ಮಾರ್ಚ್ ಹತ್ತು. ವಿನ್ನಿಪೆಗ್ ಕೇಳಿ ಎಂದರು. ಕೇಳಿದೆ. ಅಲ್ಲಿ ಪಿಯಾನೊ.
ಜೂನ್. ಅಳೆಯಲು ಒಬ್ಬ ಬಂದ.
ತನ್ನ ಪಾಲಿನ ಹನ್ನೊಂದು ಅಡಿ ಅಳೆದು ಟೇಪು ಸುತ್ತಿಕೊಂಡ.
ಸೆಪ್ಟೆಂಬರ್. ಇನ್ನೊಬ್ಬ. ಅವನದು ಹತ್ತೂವರೆ.
ಅರ್ಧ ಅಡಿ ನನ್ನ ಪುಸ್ತಕದಲ್ಲಿ ಇನ್ನೂ ಬಾಕಿ.
ನವೆಂಬರ್ ಎರಡು. ಕಾರ್ಲೀನ್‌ಗೆ ಎಂಟು ತುಂಬಿತು.
ಎತ್ತುವಾಗ ಈಗ ನನ್ನ ಸೊಂಟ ಸದ್ದು ಮಾಡುತ್ತದೆ.
ಅದನ್ನು ಬರೆದಿಲ್ಲ.
ಯಾವ ಕಾಲಮ್ಮಿಗೆ ಸೇರಿಸಲಿ, ತಿಳಿಯಲಿಲ್ಲ."

ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ.
ನಮ್ಮಲ್ಲಿ ಜಗಳವೂ ಇರಲಿಲ್ಲ!
ಎಷ್ಟು ಮರ್ಯಾದೆ, ಪತ್ರದ ತುದಿಗೆಲ್ಲ ಎಷ್ಟು ಆದರ,
ಒಬ್ಬರ ಗಡಿ ಇನ್ನೊಬ್ಬರು ತುಳಿಯಬಾರದೆಂದು
ಎರಡು ವರ್ಷ ತುದಿಗಾಲಲ್ಲೇ ನಿಂತಿದ್ದೆವು.

ಒಟ್ಟಾವದವನು ಗಂಟಲು ಸರಿಮಾಡಿಕೊಂಡ:
"ವಾರ್ಷಿಕ ವರದಿಯಲ್ಲಿ ಎಲ್ಲವೂ ಪ್ರಕಟವಾಗುತ್ತದೆ, ತಾಯಿ,
ಯಾರು ಬೇಕಾದರೂ ಓದಬಹುದು."
"ಬರೆದವರು ಓದಲಿ" ಎಂದಳು.
"ಇಲ್ಲೇ ನಿಂತು.
ಚಿಲಕ ನಾನು ಹಾಕುತ್ತೇನೆ."

ಯಾರೋ ನಕ್ಕರು. ನಿದ್ದೆಯ ಮಗು ಎದ್ದಿತು.
ಅಷ್ಟರಲ್ಲಿ ಪೈಲಟ್ ಬಾಗಿಲಲ್ಲಿ ಇಣುಕಿ
ಪಡುವಣದಿಂದ ಮೋಡ ಬರುತ್ತಿದೆ, ಹತ್ತೇ ನಿಮಿಷ, ಎಂದ.
ಅವನ ಕೈಹಿಡಿದು ಮುತ್ತಿಡುವಷ್ಟು ಸಂತೋಷ ನನಗೆ.
ಪುಟ್ಟ ವಿಮಾನದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು,
ಉತ್ತರವನ್ನು ಅಲ್ಲೇ ಬಿಟ್ಟು,
ಮೂವರೂ ದಕ್ಷಿಣಕ್ಕೆ ಹಾರಿದೆವು.

ವಾರದ ಮೇಲೆ ನರ್ಸಮ್ಮ ಬರೆದಳು:
ಶುಕ್ರವಾರದ ಬಿಂಗೋ ಮುಗಿದು, ಚಿಲಕ ಬಿದ್ದು,
ಲೆಕ್ಕ ಓದಿದ್ದಾಯಿತು.
ಸರಕಾರಗಳ ಸಭೆ. ಕಾಫಿ ಮೂವತ್ತೆರಡು ಲೋಟ, ಹಾಲು, ಸಕ್ಕರೆ:
ಖರ್ಚು ಹದಿನೆಂಟು ಡಾಲರು ಎಪ್ಪತ್ತೈದು ಸೆಂಟು.
ಬಂದದ್ದು:
ಒಂದು ಪೆನ್ನು, ನೀಲಿ. ಮುಚ್ಚಳವಿಲ್ಲ.

ಮುಚ್ಚಳ
ನನ್ನ ಕೋಟಿನ ಜೇಬಿನಲ್ಲಿದೆ.