ಸೊನ್ನೆ

ಹಳೇ ಹೆದ್ದಾರಿ, ಮದ್ದೂರು ದಾಟಿ ಎರಡು ಮೈಲಿ.
ಹೊಸ ರಸ್ತೆ ಬಂದ ಮೇಲೆ ಮುಚ್ಚಿದ ಬಂಕು;
ದರದ ಫಲಕದಲ್ಲಿ ಇನ್ನೂ ಒಂದು ಎಂಟು, ಅರ್ಧ ಮೂರು.

ಮೊದಲು ಯಂತ್ರಕ್ಕೆ ಒಳ್ಳೆ ಗಾಳಿ ಉಣಿಸಬೇಕು.
ಕಬ್ಬಿನ ಬದುವಿಗೆ ನಡೆದೆ. ಆಲೆಮನೆಯ ಹೊಗೆ,
ಕೊಪ್ಪರಿಗೆಯಲ್ಲಿ ಕುದಿಯುವ ಹಾಲು:
ಅಂಕಿ ತುಯ್ದಾಡಿತು.
ವಿ.ಸಿ. ನಾಲೆಯ ಏರಿ ಹತ್ತಿದ ಮೇಲಷ್ಟೇ
ಸೊನ್ನೆ.

ತಿರುಗಿ ಬಂದರೆ ಬೋರಲಿಂಗಯ್ಯ ಕಾದಿದ್ದರು,
ಇಪ್ಪತ್ತೇಳು ವರ್ಷ ಇಲ್ಲೇ ಪೈಪು ಹಿಡಿದವರು.
“ನಂಗೇನೂ ವಾಸ್ನೆ ಬರಾಕಿಲ್ಲ ಕನವ್ವ,
ಮೂಗು ಯಾವತ್ತೋ ಹೋಯ್ತು. ಆದ್ರೆ ಇಲ್ಲಿ ಅಗಿ”
ಎಂದು ಹೆಬ್ಬೆರಳಲ್ಲಿ ನೆಲಕ್ಕೆ ಗೀಟೆಳೆದರು.

ಆಳುದ್ದಕ್ಕೆ ಕೆಮ್ಮಣ್ಣು ಮುಗಿದು ಬೂದು, ಜಿಗುಟು.
ಕವರಿಗೆ ಅರ್ಧ ತುಂಬಿ, ಬಾಯಿ ಬಿಗಿದು, ಕುಲುಕಿ
ಬಿಸಿಲಿಗಿಟ್ಟೆ. ಉಬ್ಬಿತು,
ಹಟ ಹಿಡಿದ ಮಗುವಿನ ಕೆನ್ನೆಯ ಹಾಗೆ.
ಹತ್ತು ನಿಮಿಷ. ಸೂಜಿ ಚುಚ್ಚಿದೆ:
ನಲವತ್ತು, ಇನ್ನೂರು,
ಆರುನೂರ ಹನ್ನೆರಡು.
ಯಂತ್ರ ಕಿರುಚಿಕೊಂಡಿತು.
ರಸ್ತೆಯಾಚೆ ಬಾವಿಕಟ್ಟೆಯಲ್ಲಿ ಹಗ್ಗ ಹಿಡಿದಿದ್ದ
ನಿಂಗಾಜಮ್ಮ ಇತ್ತ ತಿರುಗಿದರು.

ಎಷ್ಟು ಅಂತ ಹೇಳುತ್ತದೆ ಇದು, ಯಾವುದು ಅಂತಲ್ಲ.
ಪೆಟ್ರೋಲೋ ಡೀಸೆಲ್ಲೋ, ಲ್ಯಾಬಿನವರು ಹೇಳಬೇಕು,
ಹದಿನೈದು ದಿನ.
“ಈ ನೀರು ಕುಡೀಬೌದಾ?”
“ಬ್ಯಾಡ ಕನವ್ವ” ಅಂದುಬಿಟ್ಟೆ.
ಸಹಿಯಿಲ್ಲ, ಮೊಹರಿಲ್ಲ.
ಅವರು ಹಗ್ಗ ಬಿಡಲಿಲ್ಲ, ಎಳೆಯಲೂ ಇಲ್ಲ.

ಯಂತ್ರದ ಉಸಿರು ತೊಳೆಯಲು ಮತ್ತೆ ಏರಿಗೆ.
ಬೋರಲಿಂಗಯ್ಯ ಜೊತೆಗೆ ಬಂದು ಕಲ್ಲಿನ ಮೇಲೆ ಕೂತರು,
ಬಂಕಿನ ಹಳೇ ಖಾಕಿ, ಜೇಬಲ್ಲಿ ಬೀಡಿ ಕಟ್ಟು.
ನಾಲೆ ತುಂಬ ನೀರು, ಮೇಲಿಂದ ಗಾಳಿ.
ಆದರೂ ಅವರು ಪಕ್ಕದಲ್ಲಿದ್ದಷ್ಟು ಹೊತ್ತು
ಅಂಕಿ ಎರಡರಿಂದ ಕೆಳಗಿಳಿಯಲಿಲ್ಲ.
ಅಂಗಿಯೋ, ಬೀಡಿಯೋ.
ನಾನು ಸ್ವಲ್ಪ ಆಚೆ ಸರಿದು ನಿಲ್ಲಬಹುದಿತ್ತು.