ಮನೆಯೊಳಗೊಂದು ಠಾಣೆ

ರಿಪ್ಪನ್‌ಪೇಟೆಯ ನನ್ನ ವೆಲ್ಡಿಂಗ್ ಶೆಡ್ಡಿಗೆ
ದ್ಯಾವಮ್ಮ ಬಂದದ್ದು ಒಂದು ಹುರಿ ಹಿಡಿದು.
ಸೆಣಬಿನ ಹುರಿ, ಎರಡು ಗಂಟು.
ಗಂಟಿನಿಂದ ಗಂಟಿಗೆ ಕೋವಿಯ ಉದ್ದ.
"ಅನ್ಸರಣ್ಣ, ಇದು ನಿಲ್ಲುವಷ್ಟು
ಒಂದು ಪೆಟ್ಟಿಗೆ ಆಗಬೇಕಿತ್ತು."
ಟೇಪು ಹಿಡಿದೆ. ನಾಲ್ಕಡಿಗೆ ಒಂದಿಂಚು ಕಮ್ಮಿ.

ಲೈಸೆನ್ಸು ಗಂಡನದು, ಬೆಳೆ ಕಾಯಲಿಕ್ಕೆ ಅಂತ ಕೊಟ್ಟದ್ದು.
ಶುಂಠಿಗೆ ಹಂದಿ, ಜೋಳಕ್ಕೆ ಮಂಗ.
ಹಾರಿಸುವುದು ವರ್ಷಕ್ಕೊಮ್ಮೆ, ಅದೂ ಆಕಾಶಕ್ಕೆ.
ಉಳಿದ ಮುನ್ನೂರ ಅರವತ್ತನಾಲ್ಕು ದಿನ
ಅದನ್ನು ಎಲ್ಲಿಡುವುದು ಅನ್ನುವುದೇ ಆ ಮನೆಯ ಕೆಲಸ.

ಮೊದಲು ಗೋಡೆಯ ಗೂಟಕ್ಕೆ.
ಮೊಮ್ಮಗ ನಡೆಯಲು ಕಲಿತ ಮೇಲೆ ಅಟ್ಟಕ್ಕೆ.
ಅವನು ಏಣಿ ಹತ್ತಲು ಕಲಿತ ಮೇಲೆ ಅಕ್ಕಿ ಮೂಟೆಯ ಹಿಂದೆ.
ಕೊನೆಗೆ ಸುತ್ತಿಟ್ಟ ಚಾಪೆಯ ಹೊಟ್ಟೆಯೊಳಗೆ.
ಹೋದ ಭಾನುವಾರ ಅಂಗಳಕ್ಕೆ ಬಂದು ನೋಡುತ್ತಾಳೆ,
ಹುಡುಗರ ಕ್ರಿಕೆಟ್ಟು.
ಆಚೆಯ ಸ್ಟಂಪು, ಈಚೆಯ ಸ್ಟಂಪು ಲಂಟಾನದ ಕೋಲು.
ನಡುವಿನದು ಕೋವಿ.

ಒಳಗೆ ಈಡು ಇತ್ತೋ ಇಲ್ಲವೋ
ಅವಳು ಹೇಳಲಿಲ್ಲ.
ನಾನು ಕೇಳಲಿಲ್ಲ.
ಸ್ವಿಚ್ಚು ಆರಿಸಿದ ಮೇಲೂ ಗ್ರೈಂಡರು
ಸ್ವಲ್ಪ ಹೊತ್ತು ತಿರುಗುತ್ತಲೇ ಇತ್ತು.

"ಎಲೆಕ್ಷನ್ ಬಂದಾಗ ಠಾಣೇಲಿ ಇಟ್ಟು ಬರ್ತೀವಲ್ಲ,
ಆ ಎರಡು ತಿಂಗಳು ಎಂಥಾ ನಿದ್ದೆ ಅಂತೀಯ!
ವಾಪಸ್ ತಂದ ರಾತ್ರಿಯಿಂದ ಮತ್ತೆ ಎಚ್ಚರ.
ಮನೆಯೊಳಗೇ ಒಂದು ಸಣ್ಣ ಠಾಣೆ
ಕಟ್ಟಿಕೊಡು ಮಾರಾಯ."

ಶಿವಮೊಗ್ಗದಲ್ಲಿ ಗಾಜಿನ ಬಾಗಿಲಿನದು ನೋಡಿದ್ದಳಂತೆ.
ಗಾಜು ಇರುವುದು ತೋರಿಸಲಿಕ್ಕೆ, ಅಂದೆ.
ನಂಬರು ಒತ್ತುವ ಬೀಗ?
ಥಂಡಿಗೆ ಸೆಲ್ಲು ಸತ್ತರೆ
ಹಂದಿ ಬಂದ ರಾತ್ರಿ ನೀವು ಹೊರಗೆ, ಅದು ಒಳಗೆ.
ಸೀರೆ ಇಡುವ ಬೀರು?
ಅದರ ಬೀಗ ನನ್ನ ಮಗಳು ಹೇರ್‌ಪಿನ್ನಿನಲ್ಲಿ ತೆಗೆಯುತ್ತಾಳೆ.

ಹದಿನಾಲ್ಕು ಗೇಜಿನ ತಗಡು. ಕೀಲು ಒಳಮೈಗೆ,
ಹೊರಗಿನಿಂದ ಒಂದು ತಿರುಪೂ ಕಾಣಬಾರದು.
ಜಂಬಿಟ್ಟಿಗೆಯ ಗೋಡೆ ಬೋಲ್ಟು ಹಿಡಿಯುವುದಿಲ್ಲ, ಉದುರುತ್ತದೆ,
ಆಚೆ ಬದಿಯವರೆಗೆ ತೂತು ಕೊರೆದು ಪಟ್ಟಿ ಬಿಗಿಯಬೇಕು.
ಇಡುವ ಮೊದಲು ನಳಿಗೆ ಖಾಲಿ, ಎರಡು ಸಲ ನೋಡಬೇಕು.
ತೋಟೆಗೆ ಬೇರೆ ಡಬ್ಬಿ, ಬೇರೆ ಬೀಗ, ಬೇರೆ ಕೋಣೆ.
"ಗಂಡ ಹೆಂಡತಿ ಮುನಿಸಿಕೊಂಡ ಹಾಗೆ," ಅಂದಳು.
ಹಾಗೇ. ಸೂರು ಒಂದೇ, ಮಾತಿಲ್ಲ.

ಸಿಕ್ಕಿಕೊಂಡದ್ದು ಬೀಗದ ಕೈಯಲ್ಲಿ.
ಒಂದು ಗಂಡನ ಉಡಿದಾರಕ್ಕೆ, ಸ್ನಾನಕ್ಕೂ ಬಿಚ್ಚಕೂಡದು.
ಇನ್ನೊಂದು?
ಸಾಸಿವೆ ಡಬ್ಬಿ, ಅಂದು ತಾನೇ ತಲೆಯಾಡಿಸಿದಳು.
ದೇವರ ಪಟದ ಹಿಂದೆ. ಅದೂ ಆಗದು.
ಹೊಲಿಗೆ ಮಿಷನ್ನಿನ ಡ್ರಾ, ತಲೆದಿಂಬು, ಹಳೇ ರೇಡಿಯೋ...
ಇಡೀ ಮನೆಯನ್ನು ಒಂದು ಸುತ್ತು ಹಾಕಿಬಂದಳು ಕೂತಲ್ಲೇ.
ಮಕ್ಕಳ ಕೈ ಹೋಗದ ಒಂದು ಮೂಲೆಯೂ ಇರಲಿಲ್ಲ ಅಲ್ಲಿ.
ಕೊನೆಗೆ ಸೊಸೈಟಿಯ ಲಾಕರು, ಬಳೆಗಳ ಜೊತೆ.

ಗುರುವಾರ ಕೂರಿಸಿ ಬಂದೆ.
ಹುಡುಗ ಬಂದು ತಗಡಿನ ಮೇಲೆ ಟಕ್ ಟಕ್ ಬಡಿದ:
"ಯಾರಿದಾರೆ ಒಳಗೆ?"
"ಜಾಮೀನು ಸಿಗದವನು," ಅಂದ ಅಜ್ಜ,
ಉಡಿದಾರ ಮುಟ್ಟಿ ನೋಡಿಕೊಂಡು.

ರಾತ್ರಿ ಮನೆಗೆ ಬಂದು, ಸೋಪು ಹಚ್ಚಿ ಕೈ ತೊಳೆದು,
ಲೆಕ್ಕ ಮಾಡುತ್ತ ಕೂತಿದ್ದ ಸುಮಯ್ಯಾಳನ್ನು
ಸುಮ್ಮನೆ ಕೇಳಿದೆ:
ಈ ಮನೇಲಿ ದುಡ್ಡು ಬಚ್ಚಿಡೋ ಜಾಗ ಗೊತ್ತಾ ನಿಂಗೆ?

ಪುಸ್ತಕದಿಂದ ತಲೆ ಎತ್ತಲಿಲ್ಲ ಅವಳು.
"ಯಾವುದು?
ಅಮ್ಮೀದಾ, ನಿಂದಾ?"