ನಮುಗೊಂಗೊಗೆ, ತಡವಾಗಿ

ಕಬಾಲೆಯ ಗುಡ್ಡದಿಂದ ಹೊರಟಾಗ ನಾವು ನಲವತ್ತೊಂದು ಜನ,
ಸರದಿಯ ಮೇಲೆ ಹೊರಲು ನೀಲಗಿರಿ ಮರದ ಒಂದು ಶಿಲುಬೆ,
ಮುಂದೆ ಸೀಟಿ ಊದುತ್ತ ಉಪದೇಶಿ ತುಮುಹೈರ್ವೆ:
ಜೂನ್ ಮೂರು, ಹುತಾತ್ಮರ ಹಬ್ಬ,
ಬಲಿಪೂಜೆ ಯಾರಿಗೂ ಕಾಯುವುದಿಲ್ಲ.

ನನಗೆ ಬೇಕಿದ್ದುದೂ ಅದೇ ಬಿರುಸು.
ಏಳು ವರ್ಷ ಇಗರ್ಜಿಯ ಮೆಟ್ಟಿಲು ತುಳಿಯದವಳು
ಕಾಲುನೋವಿನಲ್ಲೇ ಬಾಕಿ ತೀರಿಸುವೆನೆಂದು ಬಂದಿದ್ದೆ,
ಸಾಲಗಾರ್ತಿಯ ಹಾಗೆ, ಯಾರ ಮುಖವನ್ನೂ ನೋಡದೆ.
ಸರದಿ ಮುಗಿದರೂ ಶಿಲುಬೆ ಇಳಿಸದೆ
ಇನ್ನೊಂದು ಮೈಲಿ ಹೊತ್ತೆ. ಜನ ಮೆಚ್ಚಿದರು.
ನಾನೂ ಮೆಚ್ಚಿಕೊಂಡೆ.

ಮಸಾಕಾ ಮುಟ್ಟುವ ಮೊದಲೇ
ಮುದುಕ ತುರ್ಯಹಿಕಾಯೊನ ಹಿಮ್ಮಡಿ ಒಡೆಯಿತು.
ಟೈರಿನ ಚಪ್ಪಲಿ, ಒಳಗೆ ಬಾಳೆಯ ಒಣಪಟ್ಟೆ, ಅದರ ಮೇಲೆ ರಕ್ತ.
"ಯಾರಾದರೂ ಒಬ್ಬರು ಇವರ ಜೊತೆ" ಎಂದ ತುಮುಹೈರ್ವೆ.
ಅವನ ಕಣ್ಣು ನನ್ನ ಮೇಲೆ ನಿಂತಿತು.
ಗಟ್ಟಿಗಿತ್ತಿಯಲ್ಲವೇ ನಾನು.
ಶಿಲುಬೆ ಮುಂದೆ ಹೋಯಿತು, ಹಾಡು ಮುಂದೆ ಹೋಯಿತು,
ಪಪೈರಸ್ ಜೌಗಿನ ತಿರುವಿನಲ್ಲಿ ಕೊನೆಯ ಕೊಡೆಯೂ ಮರೆಯಾಯಿತು.
ಒಳಗೊಳಗೇ ಬೈದೆ. ಮೊದಲು ಮುದುಕನನ್ನು,
ಆಮೇಲೆ ದೇವರನ್ನು.

ಅವನದು ಹತ್ತು ಹೆಜ್ಜೆಗೊಮ್ಮೆ ಉಸಿರು,
ಕಿಲೋಮೀಟರ್ ಕಲ್ಲಿಗೊಮ್ಮೆ ನಿಲ್ಲುವುದು.
ನಿಂತಲ್ಲಿ ಜೇಬಿನಿಂದ ಮಡಚಿದ ಕಾಗದ ತೆಗೆದು
ಒಂದು ಹೆಸರು ಓದುತ್ತಾನೆ;
ಮುಂದಿನ ಕಲ್ಲಿನವರೆಗೆ ನಡಿಗೆ ಆ ಹೆಸರಿನದು.
ಹೆರಿಗೆಯಲ್ಲಿ ಸೊಂಟ ಬಿದ್ದ ಕೆಂಗಾಂಜಿ,
ಜೈಲಿನಲ್ಲಿರುವ ಬ್ಯಾಮುಕಾಮ,
ಮಾಂಸದಂಗಡಿಯ ಮುಗಿಶಾ ಇದ್ರಿಸು:
"ಅವನು ಮುಸಲ್ಮಾನ. ಆದರೆ ಮೊಣಕಾಲು ಮೊಣಕಾಲೇ."

ರಾತ್ರಿ ಕತ್ತರಿಸಿದ ಜೆರಿಕ್ಯಾನಿನಲ್ಲಿ ಉಪ್ಪುನೀರು ಹಾಕಿ
ಆ ಹಿಮ್ಮಡಿ ತೊಳೆದೆ. ಭಕ್ತಿಯಿಂದಲ್ಲ,
ಬೇಗ ವಾಸಿಯಾಗಲೆಂದು.

ಕಯಾಬ್ವೆಯಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಗೆರೆ: ಸಮಭಾಜಕ ವೃತ್ತ.
ಸಿಮೆಂಟಿನ ಬಳೆಯೊಳಗೆ ನಿಂತು ಪ್ರವಾಸಿಗರು ನಗುತ್ತಿದ್ದರು.
ಒಂದು ಪಾದ ಉತ್ತರದಲ್ಲಿ, ಒಂದು ದಕ್ಷಿಣದಲ್ಲಿಟ್ಟು ಕೂತ ಮುದುಕ
ಸುಟ್ಟ ಜೋಳದ ತೆನೆ ಮುರಿದ. ಸಮನಾಗಿ ಮುರಿಯಲಿಲ್ಲ.
ದೊಡ್ಡ ತುಂಡು ನನಗೆ ಕೊಟ್ಟು ಕಾಗದ ಬಿಡಿಸಿ
"ಕೆಂಬಬಾಜಿ" ಎಂದ.

ಅದು ನನ್ನ ಹೆಸರು.
"ಐದು ವರ್ಷದಿಂದ ಇದ್ದೀಯ. ಈ ಗೆರೆಯಾಚೆಯ ಏರು ನಿನ್ನದು."
ಈ ವರ್ಷ ನಾನೇ ನಡೆಯುತ್ತಿದ್ದೇನಲ್ಲ, ಹೊಡೆದುಹಾಕು, ಎಂದೆ.
ಜೋಳ ಅಗಿಯುತ್ತ ಬಹಳ ಹೊತ್ತು ಯೋಚಿಸಿದ.
"ನಡೆಯುವವರಿಗೆ ಬೇಡವೇ?"

ನಾನು ಮಗ್ಗುಲು ಬದಲಿಸಿ ಮಲಗಿದ್ದ ಭಾನುವಾರಗಳು ನೆನಪಾದವು.
ಹಿಂಬಾಲಿಸು ಎಂದಿದ್ದ ಪ್ರಭು.
ಹಿಂದೆ ಉಳಿಯುವುದೂ ಆ ಪದದೊಳಗೇ ಇತ್ತು;
ನಾನು ಮಾತ್ರ ಯಾವಾಗಲೂ ಮುಂದೆ.

ತಲುಪಿದ್ದು ಐದನೇ ತಾರೀಖು.
ಕೆರೆಯ ಸುತ್ತ ಪೊರಕೆಗಳು, ಖಾಲಿ ಬಾಟಲಿಗಳ ಗುಡ್ಡೆ,
ಯಾರೋ ಶಾಮಿಯಾನ ಮಡಚುತ್ತಿದ್ದರು.
ನಮ್ಮವರು ಬಸ್ಸು ಹತ್ತಿ ಹೋಗಿಯಾಗಿತ್ತು.
ಗೋಡೆಗೆ ಒರಗಿದ ನೂರಾರು ಶಿಲುಬೆಗಳಲ್ಲಿ
ನಮ್ಮದು ಯಾವುದೋ ಗುರುತು ಸಿಗಲಿಲ್ಲ.

ಮುದುಕ ಕೊನೆಯ ಹೆಸರಿಗೆ ಬಂದ.
"ತುಮುಹೈರ್ವೆ. ಪಾಪ, ಬಹಳ ಅವಸರದ ಮನುಷ್ಯ."
ಆಗ ನೋಡಿದೆ ಆ ಕಾಗದವನ್ನು:
ಸೀಮೆಎಣ್ಣೆ ಅಂಗಡಿಯ ಹಳೆಯ ಬಿಲ್ಲು,
ಅದೂ ತಲೆಕೆಳಗಾಗಿ.

ನಾನು ಏನೂ ಹೇಳಲಿಲ್ಲ.
ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು,
ಅವನು ಓದಿ ಮುಗಿಸುವವರೆಗೆ
ಕೊಡೆ ಹಿಡಿದು ನಿಂತೆ.